ತೆಗೆದವರು ಯಾರು, ತೋರಿಸದೆ ಬಿಟ್ಟವರು ಯಾರು?

2025ರ ಜುಲೈಯಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಧರ್ಮಸ್ಥಳ ಪ್ರಕರಣಕ್ಕೆ ಸಂಬಂಧಿಸಿದ 8,842 ಲಿಂಕ್‌ಗಳನ್ನು ತೆಗೆದುಹಾಕಲು ಆದೇಶಿಸಿತು. ಅದರಲ್ಲಿ ಯೂಟ್ಯೂಬ್ ವಿಡಿಯೊಗಳೇ 4,140. ಆಗಸ್ಟ್ 1ರಂದು ಹೈಕೋರ್ಟ್ ಮಂಗಳೂರಿನ ‘ಕುಡ್ಲ ರ‍್ಯಾಂಪೇಜ್’ ಚಾನೆಲ್‌ನ ಮಟ್ಟಿಗೆ ಆ ಆದೇಶವನ್ನು ರದ್ದುಪಡಿಸಿತು. ಸೆಪ್ಟೆಂಬರ್ 24ರಂದು ಅದೇ ಹೈಕೋರ್ಟಿನ ಅದೇ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ವೇದಿಕೆಗಳಿಗೆ ತೆರವಿನ ನೋಟಿಸ್ ಕಳಿಸಲು ಕೇಂದ್ರ ಸರ್ಕಾರ ಬಳಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹೂಡಿದ್ದ ಅರ್ಜಿಯನ್ನು ವಜಾ ಮಾಡಿದರು.

ಕರಾವಳಿಯಲ್ಲಿ ಗೊಂದಲ ಶುರುವಾದದ್ದು ಇಲ್ಲಿ. ಎರಡು ತಿಂಗಳೊಳಗೆ ಬಂದ ಈ ಎರಡು ತೀರ್ಪುಗಳಲ್ಲಿ ಒಂದು ಮಾತನಾಡುವವರ ಪರ, ಇನ್ನೊಂದು ಬಾಯಿ ಮುಚ್ಚಿಸುವವರ ಪರ ಎಂದು ಹಲವರು ಓದಿಕೊಂಡರು. ಇದರ ಜತೆಗೆ ಯಾವ ಕೋರ್ಟಿಗೂ ಸಂಬಂಧವಿಲ್ಲದ ಮತ್ತೊಂದು ದೂರು ಮೊದಲಿನಿಂದಲೂ ಇತ್ತು: ‘ವಿಡಿಯೊ ಹಾಗೆಯೇ ಇದೆ, ಆದರೆ ಯಾರಿಗೂ ಹೋಗುತ್ತಿಲ್ಲ. ರೀಚ್ ಬಿದ್ದಿದೆ. ಯೂಟ್ಯೂಬ್ ತುಳಿಯುತ್ತಿದೆ.’ ಈ ಮಾತನ್ನು ಹಿಂದುತ್ವದ ಚಾನೆಲ್‌ನವರೂ ಹೇಳುತ್ತಾರೆ, ಅವರನ್ನು ಟೀಕಿಸುವ ಚಾನೆಲ್‌ನವರೂ ಹೇಳುತ್ತಾರೆ. ಎಲ್ಲರ ಬಾಯಲ್ಲೂ ಇರುವ ಪದ ಒಂದೇ, ಸೆನ್ಸಾರ್. ಆದರೆ ಆ ಒಂದು ಪದದಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ಅವನ್ನು ಬಿಡಿಸಿಕೊಳ್ಳದೆ ಹೋದರೆ ಯಾರನ್ನು ಪ್ರಶ್ನಿಸಬೇಕು ಎಂಬುದೇ ತಿಳಿಯುವುದಿಲ್ಲ.

ಕಟ್ಟ ಮತ್ತು ಕಣಿ

ಅಡಿಕೆ ತೋಟ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ತೋಡಿಗೆ, ಅಂದರೆ ಸಣ್ಣ ಹೊಳೆಗೆ, ಕಟ್ಟ (ಒಡ್ಡು) ಕಟ್ಟಿದರೆ ನೀರು ನಿಂತದ್ದು ಊರಿಗೆಲ್ಲ ಕಾಣುತ್ತದೆ. ಯಾರು ಕಟ್ಟಿದ್ದು ಎಂದು ಕೇಳಬಹುದು, ಜಗಳ ಮಾಡಬಹುದು, ಪಂಚಾಯಿತಿಗೆ ಹೋಗಬಹುದು. ತೋಟದೊಳಗೆ ಯಾರೋ ಒಂದು ಕಣಿಯ (ಸಣ್ಣ ಕಾಲುವೆಯ) ಬಾಯಿಗೆ ಎರಡು ಹಾರೆ ಮಣ್ಣು ಹಾಕಿದರೆ ನೀರು ಸದ್ದಿಲ್ಲದೆ ಇನ್ನೊಂದು ಸಾಲಿಗೆ ಹೋಗುತ್ತದೆ. ತೋಡು ತುಂಬಿ ಹರಿಯುತ್ತಲೇ ಇರುತ್ತದೆ, ಈ ಸಾಲಿನ ಮರ ಮಾತ್ರ ಒಣಗುತ್ತದೆ.

ನ್ಯಾಯಾಲಯ ಅಥವಾ ಸರ್ಕಾರದ ಆದೇಶದಿಂದ ವಿಡಿಯೊ ತೆಗೆಯುವುದು ಮೊದಲನೆಯ ಬಗೆ. ಕಂಪನಿ ತನ್ನದೇ ನಿಯಮ ತೋರಿಸಿ ತೆಗೆಯುವುದು ಎರಡನೆಯದು. ಯೂಟ್ಯೂಬ್‌ನಲ್ಲಿ ಮೊದಲ ತಪ್ಪಿಗೆ ಎಚ್ಚರಿಕೆ, ಆಮೇಲೆ 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಇವೆರಡೂ ಕಟ್ಟದ ಹಾಗೆ, ಕಣ್ಣಿಗೆ ಕಾಣುತ್ತವೆ. ಮೂರನೆಯದು ಕಣಿಯ ಕೆಲಸ. ವಿಡಿಯೊ ಇದ್ದಲ್ಲೇ ಇರುತ್ತದೆ, ಲಿಂಕ್ ಕೊಟ್ಟರೆ ತೆರೆಯುತ್ತದೆ, ಆದರೆ ಮುಖಪುಟದಲ್ಲಾಗಲಿ, ‘ಮುಂದಿನದು’ ಎಂಬ ಸಾಲಿನಲ್ಲಾಗಲಿ ಬರುವುದಿಲ್ಲ.

ಮೊದಲ ಬಗೆಯದ್ದು ಆಗಿದ್ದರೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ‘ನ್ಯಾಯಾಲಯದ ಆದೇಶದ ಕಾರಣ ಈ ದೇಶದಲ್ಲಿ ಲಭ್ಯವಿಲ್ಲ’ ಎಂಬ ಅರ್ಥದ್ದು ಒಂದು. ‘ರಾಷ್ಟ್ರೀಯ ಭದ್ರತೆ ಅಥವಾ ಸಾರ್ವಜನಿಕ ಸುವ್ಯವಸ್ಥೆಗೆ ಸಂಬಂಧಿಸಿದ ಸರ್ಕಾರಿ ಆದೇಶದ ಕಾರಣ ಲಭ್ಯವಿಲ್ಲ’ ಎಂಬ ಅರ್ಥದ್ದು ಇನ್ನೊಂದು. ಈ ಎರಡು ಸಾಲುಗಳ ನಡುವೆ ಅಜಗಜಾಂತರವಿದೆ, ಯಾಕೆಂದರೆ ಅವು ಬರುವ ದಾರಿಯೇ ಬೇರೆ.

8,842 ಲಿಂಕ್‌ಗಳಿಗೆ ಏನಾಯಿತು

ಧರ್ಮಸ್ಥಳದಲ್ಲಿ ಹಲವು ಶವಗಳನ್ನು ಹೂತಿದ್ದೇನೆ ಎಂದು ಮಾಜಿ ನೈರ್ಮಲ್ಯ ಕಾರ್ಮಿಕರೊಬ್ಬರು 2025ರ ಜುಲೈ ಆರಂಭದಲ್ಲಿ ದೂರು ಕೊಟ್ಟರು. ಅದೇ ತಿಂಗಳು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು. ಆಗಸ್ಟ್ 6ರಂದು ಧರ್ಮಸ್ಥಳದಲ್ಲಿ ಯೂಟ್ಯೂಬರ್‌ಗಳ ಮೇಲೆ ಹಲ್ಲೆ ನಡೆಯಿತು. ಆಗಸ್ಟ್ 23ರಂದು ಎಸ್‌ಐಟಿ ದೂರುದಾರರನ್ನೇ ಬಂಧಿಸಿತು. ಇಷ್ಟು ವೇಗದಲ್ಲಿ ತಿರುವು ಪಡೆದ ಪ್ರಕರಣದಲ್ಲಿ ಬೆಳಿಗ್ಗೆ ಹಾಕಿದ ವಿಡಿಯೊ ಸಂಜೆಗೆ ಹಳತಾಗುತ್ತಿತ್ತು.

ಮಾನಹಾನಿಯಾಗುತ್ತಿದೆ ಎಂದು ಕ್ಷೇತ್ರದ ಆಡಳಿತದ ಕುಟುಂಬದವರು ಹೂಡಿದ ದಾವೆಯಲ್ಲಿ ಆ ತೆರವಿನ ಆದೇಶ ಬಂತು. ಎದುರು ಪಕ್ಷವನ್ನು ಕೇಳುವ ಮೊದಲೇ ಕೊಟ್ಟ ಮಧ್ಯಂತರ ಆದೇಶ ಅದು. ಪಟ್ಟಿಯಲ್ಲಿ ಯೂಟ್ಯೂಬ್ ಬಿಟ್ಟರೆ 3,584 ಇನ್‌ಸ್ಟಾಗ್ರಾಂ ಪೋಸ್ಟ್‌ಗಳು, 932 ಫೇಸ್‌ಬುಕ್ ಪೋಸ್ಟ್‌ಗಳು, 108 ಸುದ್ದಿ ಲೇಖನಗಳು. ಬಾಯಿಗೆ ಬಂದದ್ದನ್ನು ಹೇಳಿ ಹೆಸರು ಕೆಡಿಸಿದವರೂ ಎಫ್‌ಐಆರ್ ದಾಖಲಾದದ್ದನ್ನಷ್ಟೇ ವರದಿ ಮಾಡಿದವರೂ ಒಂದೇ ಬುಟ್ಟಿಗೆ ಬೀಳುವ ಅಪಾಯ ಇಂಥ ಉದ್ದದ ಪಟ್ಟಿಯಲ್ಲೇ ಇದೆ.

ಹೈಕೋರ್ಟ್ ಆಗಸ್ಟ್‌ನಲ್ಲಿ ಮಾಡಿದ್ದು ಏನು? ವಿಡಿಯೊದಲ್ಲಿ ಹೇಳಿದ್ದು ಸತ್ಯ ಎಂದು ಅದು ಹೇಳಲಿಲ್ಲ. ಮಂಗಳೂರಿನ ಆ ಚಾನೆಲ್‌ನ ವಿರುದ್ಧದ ಆದೇಶ ತೆಗೆದು, ಅರ್ಜಿಯನ್ನು ಹೊಸದಾಗಿ ಪರಿಶೀಲಿಸಲಿ ಎಂದು ವಿಚಾರಣಾ ನ್ಯಾಯಾಲಯಕ್ಕೆ ಹಿಂದಿರುಗಿಸಿತು. ಅಂದರೆ ತೀರ್ಪಿನ ತಿರುಳು ಕ್ರಮಕ್ಕೆ ಸಂಬಂಧಿಸಿದ್ದು. ಆದೇಶ ರದ್ದಾದ್ದು ಹೈಕೋರ್ಟಿಗೆ ಹೋದ ಚಾನೆಲ್‌ಗೆ ಮಾತ್ರ. ಉಡುಪಿಯಲ್ಲೋ ಬೆಳ್ತಂಗಡಿಯಲ್ಲೋ ಮನೆಯ ಕೋಣೆಯಿಂದ ಚಾನೆಲ್ ನಡೆಸುವವರಿಗೆ ಬೆಂಗಳೂರಿನ ತನಕ ಹೋಗಿ ವಕೀಲರನ್ನು ಹಿಡಿಯುವುದು ಸಣ್ಣ ಖರ್ಚಲ್ಲ. ಬೆಂಗಳೂರು ಬಿಟ್ಟರೆ ಹೈಕೋರ್ಟಿನ ಪೀಠಗಳಿರುವುದು ಧಾರವಾಡ, ಕಲಬುರಗಿಯಲ್ಲಿ. ಮಂಗಳೂರಿಗೂ ಒಂದು ಬೇಕೆಂಬ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ.

ಸಹಯೋಗ್ ತೀರ್ಪು ಬೇರೆ ಯಾಕೆ

ಇದು ಸರ್ಕಾರ ಮತ್ತು ಕಂಪನಿಯ ನಡುವಿನ ವ್ಯಾಜ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಪ್ರಕಾರ ಸರ್ಕಾರ ಯಾವುದನ್ನಾದರೂ ತಡೆಯಲು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ನಿಗದಿತ ಕಾರಣ ಬೇಕು, ಲಿಖಿತ ಕ್ರಮ ಬೇಕು. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ 66ಎ ಕಲಂ ಅನ್ನು ಕಿತ್ತುಹಾಕಿದಾಗ 69ಎ ಉಳಿದದ್ದು ಈ ಕಟ್ಟುಪಾಡುಗಳು ಇವೆ ಎಂಬ ಕಾರಣಕ್ಕೆ. ಸಹಯೋಗ್ ನಡೆಯುವುದು ಇನ್ನೊಂದು ಕಲಂ ಮೇಲೆ, 79(3)(ಬಿ). ಕಾನೂನುಬಾಹಿರ ವಿಷಯವಿದೆ ಎಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ, ಬಳಕೆದಾರ ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎಂಬ ರಕ್ಷಣೆಯನ್ನು ಕಂಪನಿ ಕಳೆದುಕೊಳ್ಳುತ್ತದೆ. ಇದು 69ಎ ಕಲಂನ ಕಟ್ಟುಪಾಡುಗಳನ್ನು ತಪ್ಪಿಸಿಕೊಳ್ಳುವ ಹಿಂಬಾಗಿಲು ಎಂಬುದು ಎಕ್ಸ್ ವಾದ. ಸೈಬರ್ ಅಪರಾಧ ತಡೆಯಲು ಕಂಪನಿ ಮತ್ತು ಸರ್ಕಾರವನ್ನು ಒಂದೇ ಕಡೆ ಜೋಡಿಸುವ ವ್ಯವಸ್ಥೆ ಎಂಬುದು ಕೇಂದ್ರದ ವಾದ. ಹೈಕೋರ್ಟ್ ಕೇಂದ್ರದ ಮಾತನ್ನು ಒಪ್ಪಿತು. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ ಸೇರಿದ್ದು, ವಿದೇಶಿ ಕಂಪನಿ ಅದನ್ನು ಹಿಡಿದು ಬರಲಾಗದು ಎಂದಿತು.

ಈ ಕಾರಣವನ್ನು ಗಮನಿಸಿದರೆ ಎರಡು ತೀರ್ಪುಗಳ ನಡುವಿನ ವಿರೋಧ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಒಂದರಲ್ಲಿ ಬಾಗಿಲು ತಟ್ಟಿದವರು ಮಂಗಳೂರಿನ ಚಾನೆಲ್‌ನವರು, ಇನ್ನೊಂದರಲ್ಲಿ ಅಮೆರಿಕದ ಕಂಪನಿ. ಆದರೆ ಕಳವಳಕ್ಕೆ ಕಾರಣ ಉಳಿದೇ ಇದೆ. ಸಹಯೋಗ್ ಮೂಲಕ ನೋಟಿಸ್ ಹೋಗುವುದು ಕಂಪನಿಗೆ. ವಿಡಿಯೊ ಮಾಡಿದ ನಾಗರಿಕನಿಗೆ ಹಕ್ಕು ಇದೆ, ನೋಟಿಸ್ ಇಲ್ಲ. ನೋಟಿಸ್ ಬಂದ ಕಂಪನಿಗೆ ಆ ಹಕ್ಕು ಇಲ್ಲ. 69ಎ ಅಡಿಯ ತಡೆ ಆದೇಶಗಳಿಗೂ 2009ರ ನಿಯಮಗಳ ಪ್ರಕಾರ ಗೋಪ್ಯತೆಯ ಮುಸುಕಿದೆ. 2025ರ ಅಕ್ಟೋಬರ್‌ನ ತಿದ್ದುಪಡಿ ಒಂದಿಷ್ಟು ಬಿಗಿ ತಂದಿತು: ನೋಟಿಸ್ ಕಳಿಸುವವರು ಜಂಟಿ ಕಾರ್ಯದರ್ಶಿ ಅಥವಾ ಮೇಲಿನವರಾಗಿರಬೇಕು, ಪೊಲೀಸರಾದರೆ ಡಿಐಜಿ ಮಟ್ಟದವರಾಗಿರಬೇಕು, ಕಾರಣ ಬರೆಯಬೇಕು. ಠಾಣೆಯಿಂದ ನೇರ ನೋಟಿಸ್ ಹೋಗುವುದು ತಪ್ಪಿತು, ಒಳ್ಳೆಯದೇ. ಬರೆದ ಕಾರಣ ವಿಡಿಯೊ ಮಾಡಿದವರ ಕೈಗೆ ತಲಪುವ ಏರ್ಪಾಡು ಮಾತ್ರ ಅದರಲ್ಲಿ ಇಲ್ಲ.

‘ಮುಂದಿನದು’ ಎಲ್ಲಿಂದ ಬರುತ್ತದೆ

ಇಷ್ಟೆಲ್ಲ ಚರ್ಚೆ ನಡೆದದ್ದು ಕಟ್ಟದ ಬಗ್ಗೆ. ಈ ವ್ಯಾಜ್ಯಗಳಲ್ಲಿ ಕಣಿಯ ಬಗ್ಗೆ ತೀರ್ಮಾನವೇನೂ ಬರಲಿಲ್ಲ. ಆದರೆ ಯೂಟ್ಯೂಬ್‌ನಲ್ಲಿ ಜನ ಕಳೆಯುವ ಸಮಯದ ಶೇ 70ಕ್ಕೂ ಹೆಚ್ಚು ಭಾಗ ಶಿಫಾರಸಿನಿಂದಲೇ ಬರುತ್ತದೆ ಎಂದು 2018ರಲ್ಲಿ ಆ ಕಂಪನಿಯ ಉನ್ನತ ಅಧಿಕಾರಿ ನೀಲ್ ಮೋಹನ್ ಅವರೇ ಹೇಳಿದ್ದರು. ಹುಡುಕಿ ನೋಡುವುದು ಕಡಿಮೆ, ಮುಂದೆ ಬಂದದ್ದನ್ನು ನೋಡುವುದು ಹೆಚ್ಚು.

ಮೊದಮೊದಲು ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದೇ ಲೆಕ್ಕ. ಆಗ ಸುಳ್ಳು ಶೀರ್ಷಿಕೆಯವರು ಗೆದ್ದರು. 2012ರಲ್ಲಿ ಲೆಕ್ಕ ಬದಲಾಯಿತು, ಎಷ್ಟು ಹೊತ್ತು ನೋಡಿದರು ಎಂಬುದು ಮುಖ್ಯವಾಯಿತು. 2016ರಲ್ಲಿ ಗೂಗಲ್ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದ ಪ್ರಕಾರ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಲಕ್ಷಾಂತರ ವಿಡಿಯೊಗಳಿಂದ ಕೆಲವು ನೂರನ್ನು ಮೊದಲು ಆರಿಸುತ್ತಾರೆ. ಆಮೇಲೆ ಅವನ್ನು ಈ ವ್ಯಕ್ತಿ ಎಷ್ಟು ಹೊತ್ತು ನೋಡಬಹುದು ಎಂಬ ಅಂದಾಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ನಂತರದ ವರ್ಷಗಳಲ್ಲಿ ನೋಡಿದವರ ಸಮಾಧಾನ ಅಳೆಯುವ ಸಮೀಕ್ಷೆಗಳೂ ಸೇರಿಕೊಂಡವು ಎಂದು ಕಂಪನಿ ಹೇಳುತ್ತದೆ. ಅಂದಾಜು ಮಾಡುವುದು ಯಂತ್ರ. ಅದಕ್ಕೆ ಆಧಾರ ನಮ್ಮದೇ ನೋಟ.

ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿಗೆ ಕೂತವರೊಬ್ಬರು ಫೋನನ್ನು ಪೆಟ್ಟಿಗೆಗೆ ಒರಗಿಸಿ ಯಕ್ಷಗಾನ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಕೈ ನೂಲಿನಲ್ಲಿ, ಕಿವಿ ಭಾಗವತಿಕೆಯಲ್ಲಿ. ನಡುವೆ ಒಂದು ಕರೆ ಬಂತು, ಪ್ರಸಂಗ ಅರ್ಧಕ್ಕೆ ನಿಂತಿತು. ಕರೆ ಮುಗಿದ ಮೇಲೆ ಬೆರಳು ತಾಗಿ ಒಂದು ಶಾರ್ಟ್ ತೆರೆಯಿತು: ಸಿಟಿ ಬಸ್ಸಿನಲ್ಲಿ ಹುಡುಗರ ಜಗಳ, ಮೇಲೆ ಕೆಂಪಕ್ಷರದಲ್ಲಿ ಎರಡು ಕೋಮಿನ ಹೆಸರು, ನಲವತ್ತು ಸೆಕೆಂಡ್. ಅವರು ಕೊನೆ ತನಕ ನೋಡಿದರು. ಮತ್ತೊಮ್ಮೆಯೂ ನೋಡಿದರು. ಬಸ್ ಯಾವ ರೂಟಿನದು, ನಿಲ್ದಾಣ ಯಾವುದು, ಹಿಂದಿನ ಸೀಟಿನಲ್ಲಿ ಕೂತವ ಪರಿಚಯದವನೋ ಎಂದು ತಿಳಿಯುವ ತವಕ, ಅಷ್ಟೇ.

ಯಂತ್ರಕ್ಕೆ ಆ ತವಕ ತಿಳಿಯುವುದಿಲ್ಲ. ಪೂರ್ತಿ ನೋಡಿದರು, ಎರಡು ಸಲ ನೋಡಿದರು ಎಂಬುದಷ್ಟೇ ಅದಕ್ಕೆ ಗೊತ್ತು. ಯಕ್ಷಗಾನ ಅರ್ಧಕ್ಕೆ ಬಿಟ್ಟದ್ದೂ ಗೊತ್ತು. ನಾಳೆ ಮೇಲೆ ಬರುವುದು ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ.

ಮಂಗಳೂರು–ಉಡುಪಿಯಂಥ ಊರುಗಳಲ್ಲಿ ಇದರ ಪೆಟ್ಟು ಜಾಸ್ತಿ ಎಂದು ನಾನು ಭಾವಿಸುವುದು ಇದೇ ಕಾರಣಕ್ಕೆ. ಇಲ್ಲಿ ಎಲ್ಲ ಜಾಗಗಳೂ ಎಲ್ಲರಿಗೂ ಗುರುತು. ಸ್ಟೇಟ್‌ಬ್ಯಾಂಕ್ ನಿಲ್ದಾಣದ ಹಿನ್ನೆಲೆ, ಸುರತ್ಕಲ್‌ನ ಒಂದು ತಿರುವು, ಉಡುಪಿಯ ಸಿಟಿ ಬಸ್ ನಿಲ್ದಾಣದ ಒಂದು ಮೂಲೆ ಕಂಡರೆ ಕಣ್ಣು ನಿಲ್ಲುತ್ತದೆ. ಗುರುತು ಹಿಡಿಯಲು ನೋಡಿದ್ದನ್ನು ಯಂತ್ರ ಇಷ್ಟಪಟ್ಟು ನೋಡಿದ್ದು ಎಂದು ಬರೆದುಕೊಳ್ಳುತ್ತದೆ. ಸ್ಥಳೀಯ ಜಗಳದ ತುಣುಕಿಗೆ ಹೀಗೆ ಸ್ಥಳೀಯ ನೋಟವೇ ಬಂಡವಾಳ.

ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ನಡೆದ 2019ರ ಡಿಸೆಂಬರ್ 19ರ ಮಂಗಳೂರು ಗೋಲಿಬಾರ್ ನಂತರ ಪೊಲೀಸರು ಕೆಲವು ದೃಶ್ಯಗಳನ್ನು ಬಿಡುಗಡೆ ಮಾಡಿದರು, ವಿರೋಧ ಪಕ್ಷದವರು ಬೇರೆ ದೃಶ್ಯಗಳನ್ನು ಮುಂದಿಟ್ಟರು. ಆ ದಿನಗಳಲ್ಲಿ ಮೊಬೈಲ್ ಇಂಟರ್‌ನೆಟ್ಟನ್ನೂ ನಿಲ್ಲಿಸಲಾಗಿತ್ತು. ಇಂಟರ್‌ನೆಟ್ ನಿಲ್ಲಿಸಿದ ಆದೇಶ ಎಲ್ಲರ ಕಣ್ಣಿಗೆ ಬಿತ್ತು, ಅದರ ಸರಿತಪ್ಪಿನ ಚರ್ಚೆಯಾಯಿತು. ಸಂಪರ್ಕ ಮರಳಿದ ಮೇಲೆ ಯಾರಿಗೆ ಯಾವ ದೃಶ್ಯ ಮೊದಲು ಬಂತು, ಮೊದಲು ಬಂದದ್ದರ ಬೆನ್ನಿಗೆ ಅದೇ ಬಗೆಯ ಎಷ್ಟು ಬಂದವು ಎಂಬುದಕ್ಕೆ ಸಾರ್ವಜನಿಕ ದಾಖಲೆಯಿಲ್ಲ.

ಪಕ್ಷಪಾತ ಇದೆಯೇ?

ಯಂತ್ರಕ್ಕೆ ಪಕ್ಷವಿಲ್ಲ, ನೋಡುಗನ ಇಷ್ಟವೇ ಅದರ ಪಕ್ಷ ಎನ್ನುವುದು ಕಂಪನಿಯ ನಿಲುವು. ಇದರಲ್ಲಿ ಸ್ವಲ್ಪ ಸತ್ಯವಿದೆ. ಅಮೆರಿಕದ ಬಳಕೆದಾರರ ಮೇಲೆ ನಡೆದು 2023ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ, ಉಗ್ರ ವಿಚಾರದ ವಿಡಿಯೊಗಳನ್ನು ಹೆಚ್ಚಾಗಿ ನೋಡುವವರು ಮೊದಲೇ ಅಂಥ ಮನೋಭಾವ ಇದ್ದ ಸಣ್ಣ ಗುಂಪು, ಅವರು ಚಂದಾದಾರಿಕೆ ಮತ್ತು ಹೊರಗಿನ ಲಿಂಕ್‌ಗಳಿಂದ ಬರುತ್ತಾರೆ ಎಂದು ಕಂಡುಕೊಂಡಿತು. ಅಮಾಯಕನನ್ನು ಯಂತ್ರ ಹಿಡಿದೆಳೆದು ಉಗ್ರವಾದಿ ಮಾಡುತ್ತದೆ ಎಂಬ ಜನಪ್ರಿಯ ಮಾತನ್ನು ಹಾಗೇ ನುಂಗಬೇಕಿಲ್ಲ. ಇನ್ನೊಂದು ಕಡೆ, ಟ್ವಿಟರ್ ಸ್ವತಃ 2021ರಲ್ಲಿ ಏಳು ದೇಶಗಳಲ್ಲಿ ಪರೀಕ್ಷಿಸಿದಾಗ ಆರರಲ್ಲಿ ಬಲಪಂಥೀಯ ರಾಜಕೀಯ ಪೋಸ್ಟ್‌ಗಳಿಗೆ ತನ್ನ ಯಂತ್ರ ಹೆಚ್ಚು ಪ್ರಚಾರ ಕೊಟ್ಟದ್ದು ಕಂಡಿತು. ಯಾಕೆ ಎಂಬುದು ಕಂಪನಿಗೇ ಗೊತ್ತಾಗಲಿಲ್ಲ. ಬೇಕೆಂದು ಮಾಡದೆಯೂ ವಾಲುವಿಕೆ ಬರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಬೇಕೆಂದೇ ತಗ್ಗಿಸುವುದೂ ಇದೆ, ಅದೇನೂ ಗುಟ್ಟಲ್ಲ. ನಿಯಮ ಮುರಿಯದಿದ್ದರೂ ಅಂಚಿನಲ್ಲಿರುವ ವಿಡಿಯೊಗಳ ಶಿಫಾರಸನ್ನು ಕಡಿಮೆ ಮಾಡುತ್ತೇವೆ ಎಂದು ಯೂಟ್ಯೂಬ್ 2019ರ ಜನವರಿಯಲ್ಲಿ ಪ್ರಕಟಿಸಿತು. ಸುದ್ದಿಯ ವಿಷಯಗಳಲ್ಲಿ ‘ಅಧಿಕೃತ ಮೂಲ’ಗಳನ್ನು ಮೇಲೆ ತರುತ್ತೇವೆ ಎಂದೂ ಹೇಳಿತು. ಭೂಮಿ ಚಪ್ಪಟೆ ಎನ್ನುವವರನ್ನು ಕೆಳಗಿಟ್ಟರೆ ತಕರಾರಿಲ್ಲ. ಆದರೆ ಅಧಿಕೃತ ಎಂದರೆ ಯಾರು? ರಾಜಧಾನಿಯ ದೊಡ್ಡ ಟಿವಿ ಚಾನೆಲ್‌ಗಳಿಗೆ ಆ ಪಟ್ಟ ಸುಲಭವಾಗಿ ಸಿಗುತ್ತದೆ. ಕಡಲ್ಕೊರೆತದ ಸುದ್ದಿಯನ್ನು ಉಚ್ಚಿಲದಲ್ಲಿ ನಿಂತು ಮಾಡಿದವರಿಗೆ ಸಿಗುವುದು ಕಷ್ಟ. ಕೂಗಾಡುವ ದೊಡ್ಡ ಚಾನೆಲ್ ಮೇಲೆ, ಕೂಗಾಡದ ಸಣ್ಣ ಚಾನೆಲ್ ಕೆಳಗೆ ಹೋಗುವ ಸಾಧ್ಯತೆಯನ್ನು ಆ ನೀತಿಯೇ ತೆರೆದಿಟ್ಟಿದೆ.

ವಿಡಿಯೊ ಮಾಡುವವರ ಅನುಮಾನ ಹುಟ್ಟುವುದು ಯೂಟ್ಯೂಬ್ ಸ್ಟುಡಿಯೊದ ಒಂದು ಕೋಷ್ಟಕದಿಂದ. ನೋಡುಗರು ಎಲ್ಲಿಂದ ಬಂದರು ಎಂಬುದಕ್ಕೆ ಅಲ್ಲಿ ಸಾಲುಗಳಿವೆ: ಬ್ರೌಸ್ ಫೀಚರ್ಸ್, ಸಜೆಸ್ಟೆಡ್ ವಿಡಿಯೊಸ್, ಸರ್ಚ್, ಎಕ್ಸ್‌ಟರ್ನಲ್. ಮೊದಲೆರಡು ಸಾಲು ಇದ್ದಕ್ಕಿದ್ದಂತೆ ಕುಸಿದರೆ ‘ತುಳಿದರು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಪಕ್ಕದಲ್ಲಿ ಹಳದಿ ಡಾಲರ್ ಗುರುತು, ಅಂದರೆ ಜಾಹೀರಾತು ಸೀಮಿತ ಎಂಬ ಗುರುತು, ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹಣಕ್ಕೂ ಶಿಫಾರಸಿಗೂ ಸಂಬಂಧವಿಲ್ಲ ಎನ್ನುತ್ತದೆ ಕಂಪನಿ. ಕುಸಿತಕ್ಕೆ ಜನರ ಆಸಕ್ತಿ ಇಳಿದದ್ದೇ ಕಾರಣವಿರಬಹುದು, ಥಂಬ್‌ನೇಲ್ ಕೆಟ್ಟದ್ದಿರಬಹುದು, ಅಂಚಿನ ವಿಡಿಯೊ ಎಂದು ಯಂತ್ರ ಗುರುತು ಹಾಕಿರಬಹುದು. ಯಾವುದು ಎಂದು ಆ ಕೋಷ್ಟಕ ಹೇಳುವುದಿಲ್ಲ. ಉತ್ತರ ಸಿಗದ ಕಡೆ ಪಿತೂರಿಯ ಕಥೆ ಬೆಳೆಯುತ್ತದೆ.

ತುಳುವಿನಲ್ಲಿ ಹೇಳಿದರೆ?

2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದವರು 18 ಲಕ್ಷಕ್ಕೂ ಹೆಚ್ಚು. ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿದ್ದು 2024ರ ಜೂನ್‌ನಲ್ಲಿ. ಅದಕ್ಕೂ ಮೊದಲೇ ತುಳು ಯೂಟ್ಯೂಬ್‌ನಲ್ಲಿ ಧಾರಾಳವಾಗಿತ್ತು: ನಾಟಕ, ಕಂಬಳದ ನೇರಪ್ರಸಾರ, ಹಾಸ್ಯ, ರಾಜಕೀಯ ಬೈಗುಳ ಎಲ್ಲವೂ. ಶೀರ್ಷಿಕೆ ಕನ್ನಡ ಲಿಪಿಯಲ್ಲಿ, ಮಾತು ತುಳುವಿನಲ್ಲಿ, ನಡುನಡುವೆ ಇಂಗ್ಲಿಷ್. ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡದ ಕಥೆಯೂ ಇದೇ.

ದ್ವೇಷದ ಮಾತನ್ನು ಯಂತ್ರ ಹಿಡಿಯಬೇಕಾದರೆ ಆ ಭಾಷೆಯ ಬೈಗುಳ, ಕುಹಕ, ಒಳಮಾತು ಅದಕ್ಕೆ ಕಲಿಸಿರಬೇಕು. ಕಲಿಸದಿದ್ದರೆ ಎರಡು ತಪ್ಪುಗಳೂ ಒಟ್ಟಿಗೆ ಆಗುತ್ತವೆ. ಒಂದು ಕೋಮನ್ನು ಹೀಯಾಳಿಸುವ ತುಳು ಮಾತು ಬಲೆಯಿಂದ ನುಸುಳುತ್ತದೆ. ಭೂತಾರಾಧನೆಯ ಪಾಡ್ದನದಲ್ಲಿ (ಕಥನಗೀತೆಯಲ್ಲಿ) ಬರುವ ರಕ್ತ, ಕೊಲೆಯ ಮಾತು ಹಿಂಸೆಯೆಂದು ಸಿಕ್ಕಿಬೀಳಬಹುದು. ಇದು ಬರೀ ಊಹೆಯ ಭಯವಲ್ಲ. ಮ್ಯಾನ್ಮಾರ್‌ನಲ್ಲಿ ತನ್ನ ವೇದಿಕೆ ಹಿಂಸೆಗೆ ಬಳಕೆಯಾಗದಂತೆ ತಡೆಯಲು ಸಾಕಷ್ಟು ಮಾಡಲಿಲ್ಲ ಎಂದು ಫೇಸ್‌ಬುಕ್ 2018ರಲ್ಲಿ ಒಪ್ಪಿಕೊಂಡಿತು. ಬರ್ಮೀ ಭಾಷೆ ಬಲ್ಲ ಪರಿಶೀಲಕರ ಕೊರತೆ ಅಲ್ಲಿ ದೊಡ್ಡ ಕಾರಣವಾಗಿತ್ತು. ಯೂಟ್ಯೂಬ್ ಬಗ್ಗೆ ಮೊಝಿಲ್ಲಾ ಸಂಸ್ಥೆ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ, ನೋಡಿ ವಿಷಾದಪಟ್ಟೆವು ಎಂದು ಸ್ವಯಂಸೇವಕರು ವರದಿ ಮಾಡಿದ ವಿಡಿಯೊಗಳ ಪ್ರಮಾಣ ಇಂಗ್ಲಿಷ್ ಮುಖ್ಯ ಭಾಷೆಯಲ್ಲದ ದೇಶಗಳಲ್ಲಿ ಶೇ 60ರಷ್ಟು ಹೆಚ್ಚಿತ್ತು.

ಪಕ್ಷದ ಪರವಾದ ಪಿತೂರಿಗಿಂತ ಈ ನಿರ್ಲಕ್ಷ್ಯವೇ ನಮಗೆ ಹೆಚ್ಚು ಅಪಾಯ. ಪಿತೂರಿಯನ್ನು ಬಯಲಿಗೆಳೆಯಬಹುದು. ನಿರ್ಲಕ್ಷ್ಯದಲ್ಲಿ ಬಯಲಿಗೆಳೆಯಲು ಯಾರೂ ಸಿಗುವುದಿಲ್ಲ.

ಮುಂದೇನಾಗುತ್ತದೆ

ಕಟ್ಟ ಬಿಗಿಯಾಗಿ, ಕಣಿ ಕತ್ತಲಲ್ಲೇ ಉಳಿದರೆ ಜನ ಮೊದಲು ತಮ್ಮ ಬಾಯಿಯನ್ನೇ ಕಟ್ಟಿಕೊಳ್ಳುತ್ತಾರೆ. ಅದು ಆಗಲೇ ಕಾಣುತ್ತಿದೆ: ‘ಕೊಲೆ’, ‘ಅತ್ಯಾಚಾರ’ ಎಂಬ ಪದಗಳಿಗೆ ಬೀಪ್, ಶೀರ್ಷಿಕೆಯಲ್ಲಿ ಅಕ್ಷರದ ಬದಲು ಚುಕ್ಕಿ, ಊರಿನ ಹೆಸರಿಗೆ ‘ಆ ಜಾಗ’. ಅತ್ಯಾಚಾರದ ವರದಿಯಲ್ಲಿ ಆ ಪದವೇ ಇಲ್ಲದಿದ್ದರೆ ವರದಿಯ ಬಲ ಕುಗ್ಗುತ್ತದೆ.

ಹೆಸರು ಕೆಟ್ಟವರಿಗೂ ಈಗಿನ ವ್ಯವಸ್ಥೆಯಿಂದ ನ್ಯಾಯ ಸಿಗುವುದಿಲ್ಲ. ಪತ್ರಿಕೆಯಲ್ಲಿ ತಪ್ಪು ಬಂದರೆ ಮಾರನೆಯ ದಿನ ತಿದ್ದುಪಡಿ ಬರುತ್ತದೆ, ಅದೇ ಓದುಗರ ಮನೆಗೇ ಹೋಗುತ್ತದೆ. 1843ರಲ್ಲಿ ಮಂಗಳೂರಿನಲ್ಲೇ ‘ಮಂಗಳೂರ ಸಮಾಚಾರ’ದಿಂದ ಶುರುವಾದ ಕನ್ನಡ ಪತ್ರಿಕೋದ್ಯಮಕ್ಕೆ ಅದೊಂದು ಅಭ್ಯಾಸ ಬೆಳೆದು ಬಂದಿದೆ. ವಿಡಿಯೊದಲ್ಲಿ ಹಾಗಿಲ್ಲ. ದೂರುದಾರರ ಬಂಧನದ ಸುದ್ದಿ, ಜುಲೈಯಲ್ಲಿ ಆರೋಪದ ವಿಡಿಯೊ ನೋಡಿದವರಿಗೇ ಹೋಯಿತೇ? ಹೋಗಬೇಕೆಂಬ ನಿಯಮ ಯಾವುದೂ ಇಲ್ಲ. ಮೊದಲ ವಿಡಿಯೊ ಯಾರು ನೋಡಿದರು ಎಂಬ ಲೆಕ್ಕ ಕಂಪನಿಯ ಬಳಿ ಚೊಕ್ಕವಾಗಿದೆ. ತಿದ್ದುಪಡಿಯನ್ನು ಅವರಿಗೇ ತೋರಿಸುವುದು ತಂತ್ರಜ್ಞಾನಕ್ಕೆ ಕಷ್ಟವೇನಲ್ಲ. ಸಾವಿರಾರು ಲಿಂಕ್ ಕಿತ್ತುಹಾಕುವುದಕ್ಕಿಂತ ಅದರಿಂದ ಮಾನಕ್ಕೂ ಮಾತಿಗೂ ಹೆಚ್ಚು ಉಪಕಾರವಾದೀತು.

ಐರೋಪ್ಯ ಒಕ್ಕೂಟದ 2022ರ ಡಿಜಿಟಲ್ ಸೇವಾ ಕಾಯ್ದೆ ಈ ದಿಕ್ಕಿನಲ್ಲಿ ಒಂದಿಷ್ಟು ಮುಂದೆ ಹೋಗಿದೆ. ವಿಡಿಯೊ ತೆಗೆದಾಗ ಮಾತ್ರವಲ್ಲ, ಶಿಫಾರಸಿನಲ್ಲಿ ತಗ್ಗಿಸಿದಾಗಲೂ ಮಾಡಿದವರಿಗೆ ಕಾರಣ ತಿಳಿಸಬೇಕು. ಯಾವ ಅಳತೆಗಳ ಮೇಲೆ ಶಿಫಾರಸು ನಡೆಯುತ್ತದೆ ಎಂದು ಬರೆದಿಡಬೇಕು. ವ್ಯಕ್ತಿಯ ಅಭಿರುಚಿಯ ಲೆಕ್ಕ (ಪ್ರೊಫೈಲ್) ಆಧರಿಸದ ಶಿಫಾರಸಿನ ಆಯ್ಕೆಯನ್ನು ದೊಡ್ಡ ವೇದಿಕೆಗಳು ಕೊಡಬೇಕು.

ಭಾರತದ 2021ರ ನಿಯಮಗಳಲ್ಲಿ ಇದಕ್ಕೆ ಹತ್ತಿರದ ಒಂದು ಸಾಲು ಇದೆ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ವೇದಿಕೆ ತಾನಾಗಿಯೇ ಏನನ್ನಾದರೂ ತೆಗೆದರೆ, ಹಾಕಿದವರಿಗೆ ಕಾರಣ ತಿಳಿಸಿ, ತಕರಾರು ಹೇಳಲು ಅವಕಾಶ ಕೊಡಬೇಕು ಎನ್ನುತ್ತದೆ ನಿಯಮ 4(8). ತೆಗೆದರೆ ಎಂದಷ್ಟೇ ಇದೆ. ತಗ್ಗಿಸಿದರೆ ಎಂದಿಲ್ಲ. ಸಹಯೋಗ್ ತೀರ್ಪಿನ ವಿರುದ್ಧ ಎಕ್ಸ್ ಸಲ್ಲಿಸಿದ ಮೇಲ್ಮನವಿಯ ಜಗಳವೂ ತೆಗೆಯುವುದರ ಸುತ್ತಲೇ ಇದೆ. ‘ತಗ್ಗಿಸಿದಾಗಲೂ’ ಎಂಬ ಒಂದು ಪದವನ್ನು ನಿಯಮ 4(8)ಕ್ಕೆ ಸೇರಿಸಲು ಸಂಸತ್ತಿನಲ್ಲಿ ಹೊಸ ಕಾಯ್ದೆ ಬೇಕಿಲ್ಲ, ಸಚಿವಾಲಯದ ಅಧಿಸೂಚನೆ ಸಾಕು. 2025ರ ಅಕ್ಟೋಬರ್‌ನಲ್ಲಿ ಡಿಐಜಿಯ ಷರತ್ತು ಸೇರಿಸಿದ್ದೂ ಹಾಗೆಯೇ.